ನೂರ ಎಪ್ಪತ್ತೈದರಲ್ಲಿ ಒಂದು ಪಾಲು



ಸೀಮೆಎಣ್ಣೆ ಬರುವ ಮುಂಚೆ ಅಮೆರಿಕದ ಉಳ್ಳವರ ಮನೆಗಳಲ್ಲಿ ತಿಮಿಂಗಿಲದ ಎಣ್ಣೆಯ ದೀಪ ಉರಿಯುತ್ತಿತ್ತು. ಕಾರ್ಖಾನೆಯ ಯಂತ್ರಗಳಿಗೂ ಅದೇ ಎಣ್ಣೆ. ಮ್ಯಾಸಚೂಸೆಟ್ಸ್‌ನ ನ್ಯಾಂಟಕೆಟ್ ದ್ವೀಪ ಮೊದಲು, ಆಮೇಲೆ ನ್ಯೂ ಬೆಡ್‌ಫರ್ಡ್ ಬಂದರು ಈ ವ್ಯಾಪಾರದಿಂದ ಸಿರಿವಂತವಾದವು. ಎಣ್ಣೆ ತಂದ ನಾವಿಕನ ಕೈಗೆ ಏನು ಬಂತು? ಈ ಹೊತ್ತು ಅದನ್ನೇ ನೋಡೋಣ.

ಹಡಗಿನಲ್ಲಿ ಮೂವತ್ತು ಚಿಲ್ಲರೆ ಜನ. ಹಳ್ಳಿ ಬಿಟ್ಟು ಬಂದ ಹುಡುಗರು, ಕಪ್ಪು ಜನ, ಅಝೋರ್ಸ್ ಮತ್ತು ಕೇಪ್ ವರ್ಡ್ ದ್ವೀಪದವರು, ಪೆಸಿಫಿಕ್ ದ್ವೀಪವಾಸಿಗಳು. ಹೊರಟರೆ ಮೂರು ನಾಲ್ಕು ವರ್ಷ. ಸಾಮಾನ್ಯ ನಾವಿಕರ ವಾಸ ಹಡಗಿನ ಮೂತಿಯಲ್ಲಿ, ಗಾಳಿ ಬೆಳಕಿಲ್ಲದ ಇಕ್ಕಟ್ಟಿನಲ್ಲಿ. ಊಟಕ್ಕೆ ಉಪ್ಪು ಹಾಕಿಟ್ಟ ಮಾಂಸ, ಕಲ್ಲಿನಂಥ ಬಿಸ್ಕತ್ತು. ವಾರಗಟ್ಟಲೆ ತಿಮಿಂಗಿಲದ ಸುಳಿವೇ ಇರುತ್ತಿರಲಿಲ್ಲ. ಬೇಸರ ಕಳೆಯಲು ಅದರ ಹಲ್ಲಿನ ಮೇಲೆ ಚಿತ್ರ ಕೊರೆಯುತ್ತಿದ್ದರು.

ಕಂಬದ ತುದಿಯಲ್ಲಿದ್ದವನು ಕೂಗಿದನೋ, ಸಣ್ಣ ದೋಣಿಗಳು ನೀರಿಗಿಳಿಯುತ್ತಿದ್ದವು. ಒಂದೊಂದರಲ್ಲಿ ಆರು ಜನ. ಹಗ್ಗ ಕಟ್ಟಿದ ಹಾರ್ಪೂನ್ ಎಂಬ ಈಟಿ ನಾಟಿದ ಕೂಡಲೇ ತಿಮಿಂಗಿಲ ದೋಣಿಯನ್ನು ಎಳೆದುಕೊಂಡು ಓಡುತ್ತದೆ. ಗೂಟಕ್ಕೆ ಸುತ್ತಿದ ಹಗ್ಗ ಉಜ್ಜಿ ಹೊಗೆಯಾಡುತ್ತದೆ, ಅದರ ಮೇಲೆ ನೀರು ಸುರಿಯುತ್ತಿರಬೇಕು. ಸುರುಳಿಯಲ್ಲಿ ಒಂದು ಗಂಟು ಬಿದ್ದರೆ ಕೈಯೋ ಕಾಲೋ ಹೋಯಿತು, ಇಲ್ಲವೇ ಆಳೇ ಸಮುದ್ರಪಾಲು. ನಾಟಿದ ಈಟಿ ಕಳಚದಂತೆ 1848ರಲ್ಲಿ ಹೊಸ ಮೊನೆ ಮಾಡಿಕೊಟ್ಟವನು ನ್ಯೂ ಬೆಡ್‌ಫರ್ಡ್‌ನ ಕಪ್ಪು ಕಮ್ಮಾರ ಲೂಯಿಸ್ ಟೆಂಪಲ್. ಅವನು ಪೇಟೆಂಟ್ ಮಾಡಿಸಲಿಲ್ಲ, ಲಾಭ ಪರರ ಪಾಲಾಯಿತು.

ಕೊಂದ ಮೇಲೆ ಅಸಲು ದುಡಿಮೆ. ಕೊಬ್ಬಿನ ಪದರವನ್ನು ಸುಲಿದು, ತುಂಡು ಮಾಡಿ, ಹಡಗಿನ ಮೇಲೆಯೇ ಕಟ್ಟಿದ ಇಟ್ಟಿಗೆ ಒಲೆಯ ಕೊಪ್ಪರಿಗೆಗಳಲ್ಲಿ ಕಾಯಿಸುವುದು. ಬೆಣ್ಣೆ ಕಾಯಿಸಿದಾಗ ತಳದಲ್ಲಿ ಗಸಿ ಉಳಿಯುವಂತೆ ಇಲ್ಲಿ ಕರಿದ ಚೂರುಗಳು ಉಳಿಯುತ್ತಿದ್ದವು. ಅವನ್ನೇ ಒಲೆಗೆ ಹಾಕುತ್ತಿದ್ದರು. ಮರದ ಹಡಗಿನ ಮೇಲೆ ಹಗಲೂ ರಾತ್ರಿ ಬೆಂಕಿ, ಕಪ್ಪು ಹೊಗೆ, ಕಾಲಿಟ್ಟಲ್ಲೆಲ್ಲ ಜಾರುವ ಜಿಡ್ಡು.

ಸಂಬಳವೇ ಇರಲಿಲ್ಲ, ಪಾಲು ಮಾತ್ರ. 1841ರಲ್ಲಿ ಅಕುಶ್ನೆಟ್ ಹಡಗು ಹತ್ತಿದ ಹರ್ಮನ್ ಮೆಲ್ವಿಲ್ ಎಂಬ ತರುಣನಿಗೆ ಗೊತ್ತಾದದ್ದು ನೂರ ಎಪ್ಪತ್ತೈದರಲ್ಲಿ ಒಂದು ಪಾಲು. ಯಾನದ ನಿವ್ವಳ ಆದಾಯ 35,000 ಡಾಲರ್ ಎಂದಿಟ್ಟುಕೊಳ್ಳಿ; ಅಂಥವನಿಗೆ ದಕ್ಕುವುದು 200 ಡಾಲರ್. ಅದರಲ್ಲಿ ಹೊರಡುವಾಗ ಪಡೆದ ಮುಂಗಡ ಕಳೆಯಬೇಕು. ಹಡಗಿನಲ್ಲೇ ದುಬಾರಿ ಬೆಲೆಗೆ ಸಾಲವಾಗಿ ಕೊಂಡ ಅಂಗಿ, ಬೂಟು, ತಂಬಾಕಿನ ಲೆಕ್ಕ ಕಳೆಯಬೇಕು. ಎಷ್ಟೋ ಜನ ಬರಿಗೈಲಿ ಇಳಿದರು, ಕೆಲವರು ಸಾಲ ಹೊತ್ತು ಇಳಿದರು. ಇದನ್ನು ಸಾಹಸ ಎನ್ನುವವರಿದ್ದಾರೆ. ನನಗಿದು ಶುದ್ಧ ಜೀತದ ಲೆಕ್ಕ. ಮೆಲ್ವಿಲ್ 1842ರಲ್ಲಿ ನುಕು ಹಿವಾ ದ್ವೀಪದಲ್ಲಿ ಹಡಗು ಬಿಟ್ಟು ಓಡಿದ. ಓಡಿದವನು ಅವನೊಬ್ಬನೇ ಅಲ್ಲ.

1859ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಬಾವಿ ಕೊರೆದು ಕಲ್ಲೆಣ್ಣೆ ತೆಗೆದ ಮೇಲೆ ಈ ವ್ಯಾಪಾರ ಇಳಿಮುಖವಾಯಿತು. ಮೆಲ್ವಿಲ್ ಹೊರಟ ವರ್ಷವೇ ನೀರಿಗಿಳಿದ ಚಾರ್ಲ್ಸ್ ಡಬ್ಲ್ಯೂ. ಮಾರ್ಗನ್ ಎಂಬ ಹಡಗು ಮಾತ್ರ 1921ರವರೆಗೆ 37 ಬಾರಿ ಬೇಟೆಗೆ ಹೋಗಿಬಂತು. ಅದು ಈಗ ಕನೆಕ್ಟಿಕಟ್‌ನ ಮಿಸ್ಟಿಕ್ ಎಂಬಲ್ಲಿದೆ. ಆ ಕಡೆ ಹೋಗುವವರು ಅದರ ಮೂತಿಯ ಕೋಣೆಗೆ ತಪ್ಪದೆ ಇಳಿದು ನೋಡಿ.