ಲಕ್ಷ ರೂಪಾಯಿ ಲ್ಯಾಪ್‌ಟಾಪ್: ಚನ್ನಗಿರಿಯಲ್ಲಿ ಎರಡು ಕ್ವಿಂಟಲ್, ಜಗಳೂರಲ್ಲಿ ನಲವತ್ತೆರಡು

ಇವತ್ತಿನ ಸಂಚಿಕೆಯಲ್ಲಿ ಒಂದು ಲೆಕ್ಕ ಹಾಕೋಣ. ದುಬಾರಿ ಲ್ಯಾಪ್‌ಟಾಪ್ ತಗೊಂಡ್ರೆ ಕೊಟ್ಟ ದುಡ್ಡು ವಾಪಸ್ ಬರುತ್ತಾ, ಇಲ್ವಾ ಅನ್ನೋ ಲೆಕ್ಕ. ಯೂಟ್ಯೂಬ್‌ನಲ್ಲಿ ಇದನ್ನ ಹೇಳೋ ವಿಡಿಯೋಗಳಿಗೇನೂ ಬರ ಇಲ್ಲ. ಅವರು ಪ್ರೊಸೆಸರ್ ಸ್ಪೀಡ್ ಅಳೀತಾರೆ, ಸ್ಕ್ರೀನ್ ಬೆಳಕು ಅಳೀತಾರೆ, ಫ್ಯಾನ್ ಎಷ್ಟು ಸದ್ದು ಮಾಡುತ್ತೆ ಅಂತಾನೂ ಅಳೀತಾರೆ. ಆ ದುಡ್ಡು ಯಾವ ಮನೆಯಿಂದ, ಯಾವ ಹೊಲದಿಂದ ಬಂತು ಅನ್ನೋದನ್ನ ಮಾತ್ರ ಯಾರೂ ಅಳೆಯಲ್ಲ.

ಒಂದು ಬೆಲೆ ಹಿಡ್ಕೊಳ್ಳೋಣ. 2025ರ ಮಾರ್ಚ್‌ನಲ್ಲಿ ಆ್ಯಪಲ್‌ನವರು ಎಂ4 ಚಿಪ್ ಇರೋ ಮ್ಯಾಕ್‌ಬುಕ್ ಏರ್ ಬಿಟ್ಟಾಗ ನಮ್ಮ ದೇಶದಲ್ಲಿ ಅದರ ಆರಂಭದ ಬೆಲೆ 99,900 ರೂಪಾಯಿ. ಅಂದ್ರೆ ಒಂದು ಲಕ್ಷ ಅಂತಿಟ್ಕೊಳ್ಳಿ. ಈ ಲಕ್ಷ ದಾವಣಗೆರೆ ಜಿಲ್ಲೆಯ ಎಲ್ಲ ಕಡೆ ಒಂದೇ ಲಕ್ಷ ಅಲ್ಲ. ಚನ್ನಗಿರಿಯಲ್ಲಿ ರಾಶಿ ಅಡಿಕೆ ಕ್ವಿಂಟಲ್‌ಗೆ 50 ಸಾವಿರ ದಾಟಿದ್ದನ್ನ ನಾವೆಲ್ಲ ನೋಡಿದ್ದೇವೆ. ಅಲ್ಲಿ ಈ ಲ್ಯಾಪ್‌ಟಾಪ್ ಅಂದ್ರೆ ಎರಡು ಕ್ವಿಂಟಲ್ ಅಡಿಕೆ. ಹೊನ್ನಾಳಿಯಲ್ಲಿ ನಾಲೆ ನೀರಿಗೆ ಭತ್ತ ಬೆಳೆಯೋರಿಗೆ, 2025-26ರ ಬೆಂಬಲ ಬೆಲೆ 2,369 ರೂಪಾಯಿ ಹಿಡಿದರೆ, ಅದೇ ಲ್ಯಾಪ್‌ಟಾಪ್ 42 ಕ್ವಿಂಟಲ್ ಭತ್ತ. ಜಗಳೂರಿನ ಮೆಕ್ಕೆಜೋಳಕ್ಕೆ ಆ ವರ್ಷದ ಬೆಂಬಲ ಬೆಲೆ 2,400. ಅಲ್ಲೂ ಹೆಚ್ಚುಕಮ್ಮಿ 42 ಕ್ವಿಂಟಲ್. ಆದರೆ ಆ ಸಲ ಮೆಕ್ಕೆಜೋಳದ ಕಥೆ ನಿಮಗೆ ಗೊತ್ತು. ಬೆಂಬಲ ಬೆಲೆ ಕಾಗದದ ಮೇಲೆ ಉಳೀತು, ರೈತರು ಬೀದಿಗಿಳಿದರು. ನಮ್ಮ ಭಾವನಿಗೆ ಸಿಕ್ಕಿದ್ದು 1,750. ಆ ರೇಟಿನಲ್ಲಿ ಲ್ಯಾಪ್‌ಟಾಪ್ 57 ಕ್ವಿಂಟಲ್ ಆಯ್ತು. ಮಳೆ ನಂಬಿದ ಹೊಲದಲ್ಲಿ ಎಕರೆಗೆ 15 ಕ್ವಿಂಟಲ್ ಬಂದ್ರೆ ಚೆನ್ನಾಗಿ ಬಂತು ಅಂತಾರೆ ಅವರು. ಹಂಗಾದ್ರೆ ಸುಮಾರು ನಾಲ್ಕು ಎಕರೆ ಬೆಳೆ, ಬೀಜ ಗೊಬ್ಬರದ ಖರ್ಚು ಕಳೆಯೋಕೂ ಮುಂಚೆ.

ಭಾವನ ಮಾತು ಯಾಕೆ ತೆಗೆದೆ ಅಂತ ಆಮೇಲೆ ಹೇಳ್ತೀನಿ. ಮೊದಲು ನನ್ನ ಲ್ಯಾಪ್‌ಟಾಪ್ ವಿಷಯ.

ನಮ್ಮೂರು ನ್ಯಾಮತಿ. ಮದುವೆ, ನಾಮಕರಣ, ಗೃಹಪ್ರವೇಶದ ವಿಡಿಯೋ ಎಡಿಟ್ ಮಾಡೋದು ನನ್ನ ಕಸುಬು. ಶಿವಮೊಗ್ಗ, ದಾವಣಗೆರೆಯ ಸ್ಟುಡಿಯೋದವರು ಶೂಟ್ ಮಾಡಿ ಹಾರ್ಡ್ ಡಿಸ್ಕ್ ಕಳಿಸ್ತಾರೆ, ನಾನು ಕತ್ತರಿಸಿ, ಹಾಡು ಕೂರಿಸಿ ವಾಪಸ್ ಕೊಡ್ತೀನಿ. 2024ರ ಜೂನ್‌ನಲ್ಲಿ 1,18,000 ಕೊಟ್ಟು ಹೊಸ ಲ್ಯಾಪ್‌ಟಾಪ್ ತಗೊಂಡೆ. ಬ್ರಾಂಡ್ ಹೇಳಲ್ಲ, ಹೇಳಿದ್ರೆ ಅದೊಂದು ಜಾಹೀರಾತು ಆಗುತ್ತೆ. ಅದರ ಜೊತೆಗೆ ಎಕ್ಸ್‌ಟರ್ನಲ್ ಎಸ್‌ಎಸ್‌ಡಿ 8,500, ಪೋರ್ಟ್ ಸಾಲಲ್ಲ ಅಂತ ಹಬ್ 2,500. ಒಟ್ಟು 1,29,000. ಲ್ಯಾಪ್‌ಟಾಪ್ ರೇಟು ಕೇಳಿದಾಗ ಜನ ಬಾಕ್ಸ್ ಮೇಲಿನ ಬೆಲೆ ಹೇಳ್ತಾರೆ. ನೀವು ಲೆಕ್ಕ ಹಾಕುವಾಗ ಇಂಥ ಬಾಲಂಗೋಚಿಗಳನ್ನೂ ಸೇರಿಸಿ.

ಹಳೇ ಯಂತ್ರದಲ್ಲಿ ಮೂರು ಗಂಟೆಯ ಮದುವೆ ವಿಡಿಯೋ ರೆಂಡರ್‌ಗೆ ಹಾಕಿದ್ರೆ ರಾತ್ರಿಯಿಡೀ ಓಡ್ತಿತ್ತು. ನಡುವೆ ಕರೆಂಟ್ ಹೋದ್ರೆ ಬ್ಯಾಟರಿ ಅರ್ಧ ಗಂಟೆ ಹಿಡೀತಿತ್ತು, ಆಮೇಲೆ ಎಲ್ಲ ಮೊದಲಿಂದ. ಹೊಸದರಲ್ಲಿ ಅದೇ ಕೆಲಸ ಒಂದು ಗಂಟೆಯ ಒಳಗೆ ಮುಗಿಯುತ್ತೆ. ಕರೆಂಟ್ ಹೋದ್ರೆ ಅದಕ್ಕೆ ಗೊತ್ತೂ ಆಗಲ್ಲ. ಬೆಂಗಳೂರಲ್ಲಿ ಕೂತು ರಿವ್ಯೂ ಮಾಡೋರು ಬ್ಯಾಟರಿನ ಕೊನೇ ಎರಡು ನಿಮಿಷದಲ್ಲಿ ಹೇಳಿ ಮುಗಿಸ್ತಾರೆ. ನಮ್ಮ ಕಡೆ ಅದನ್ನೇ ಮೊದಲು ಕೇಳಬೇಕು.

ದುಡ್ಡು ವಾಪಸ್ ಬಂತಾ? ಒಂದು ಮದುವೆಗೆ ನನಗೆ ಸಿಗೋದು 5 ಸಾವಿರ. ಮೊದಲು ಸೀಸನ್ ತಿಂಗಳಲ್ಲಿ ನಾಲ್ಕು ಮದುವೆ ಮಾಡ್ತಿದ್ದೆ, ಈಗ ಏಳು. ಹೆಚ್ಚಾದ ಮೂರನ್ನೂ ಲ್ಯಾಪ್‌ಟಾಪ್ ಲೆಕ್ಕಕ್ಕೆ ಬರೆದ್ರೆ ಅದು ಸುಳ್ಳು ಲೆಕ್ಕ. ಒಂದು ಮದುವೆಯಾದ್ರೂ ನನ್ನ ಪರಿಚಯ ಬೆಳೆದದ್ದರಿಂದ ಬಂದಿರುತ್ತೆ. ಹಂಗಾಗಿ ಎರಡು ಮಾತ್ರ ಹಿಡಿದೆ. ತಿಂಗಳಿಗೆ 10 ಸಾವಿರ. ಆಷಾಢ, ಧನುರ್ಮಾಸ, ಪಿತೃಪಕ್ಷ ಎಲ್ಲ ಬಿಟ್ಟು ಇಲ್ಲಿವರೆಗೆ ಸಿಕ್ಕ ಸೀಸನ್ ತಿಂಗಳು ಹತ್ತು. ಒಂದು ಲಕ್ಷ ಬಂದಿದೆ, ಇನ್ನೂ 29 ಸಾವಿರ ಬಾಕಿ. ಈ ವೈಶಾಖ ಮುಗಿಯೋ ಹೊತ್ತಿಗೆ ತೀರಬೇಕು. ಆಮೇಲೆ ದುಡಿಯೋದು ಲಾಭ. ನನ್ನ ಮಟ್ಟಿಗೆ ಇದು ಸರಿಯಾದ ಖರೀದಿ.

ನಮ್ಮಮ್ಮ ಇದನ್ನ ಒಪ್ಪಲ್ಲ. ಅವಳದ್ದು ಬೇರೆ ಲೆಕ್ಕ. “ಆ ದುಡ್ಡಿಗೆ ಒಂದೂವರೆ ತೊಲ ಬಂಗಾರ ಬರ್ತಿತ್ತಲ್ಲೋ” ಅಂತ ಅವತ್ತೇ ಅಂದಿದ್ಲು. 2024ರ ಮಧ್ಯದಲ್ಲಿ ಅಪರಂಜಿ 10 ಗ್ರಾಂಗೆ 70 ಸಾವಿರದ ಆಸುಪಾಸಿತ್ತು. 2025ರ ಕೊನೆಗೆ ಒಂದು ಲಕ್ಷ 30 ಸಾವಿರ ದಾಟಿತು. ಲ್ಯಾಪ್‌ಟಾಪ್ ಮಾರೋಕೆ ಹೋದ್ರೆ ಇವತ್ತು ಅರ್ಧ ಬೆಲೆ ಬಂದ್ರೆ ಹೆಚ್ಚು. ಬರೀ ವಸ್ತುವಿನ ಬೆಲೆ ನೋಡಿದ್ರೆ ಅಮ್ಮನೇ ಗೆದ್ದಳು, ಅದರಲ್ಲಿ ವಾದ ಇಲ್ಲ. ನಾನು ಹೇಳೋದಿಷ್ಟೇ: ಬಂಗಾರ ಬೀರುವಿನಲ್ಲಿ ಕೂತು ಬೆಳೀತಿತ್ತು, ನಾನು ಮಾತ್ರ ತಿಂಗಳಿಗೆ ನಾಲ್ಕೇ ಮದುವೆ ಮಾಡಿಕೊಂಡು ರಾತ್ರಿ ನಿದ್ದೆಗೆಟ್ಟು ಕೂತಿರ್ತಿದ್ದೆ. ನಿದ್ದೆಗೆ ರೇಟ್ ಹಾಕೋದು ಹೆಂಗೆ ಅಂತ ಇನ್ನೂ ಗೊತ್ತಾಗಿಲ್ಲ. ಹಾಕಿದ್ರೆ ಅಮ್ಮನ ಲೆಕ್ಕ ಸ್ವಲ್ಪ ಅಲ್ಲಾಡಬಹುದು.

ಇದನ್ನ ಕೇಳಿ ನೀವೂ ಹೋಗಿ ದುಬಾರಿದೇ ತಗೋಬೇಡಿ. ಹೊನ್ನಾಳಿಯಲ್ಲಿ ನನ್ನ ಗೆಳೆಯನದ್ದು ಜೆರಾಕ್ಸ್, ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಅರ್ಜಿ, ಕರಾರುಪತ್ರ, ಎಲ್ಲ ನುಡಿ ತಂತ್ರಾಂಶದಲ್ಲಿ. ಕನ್ನಡ ಗಣಕ ಪರಿಷತ್ತಿನವರು ಮಾಡಿದ ನುಡಿ ಓಡೋದು ವಿಂಡೋಸ್‌ನಲ್ಲಿ. ಮ್ಯಾಕ್‌ನಲ್ಲಿ ಯೂನಿಕೋಡ್ ಕನ್ನಡ ಟೈಪ್ ಮಾಡೋಕೆ ಕೀಬೋರ್ಡ್ ಇದೆ, ನಿಜ. ಆದ್ರೆ ಪ್ರೆಸ್ಸಿನವರು ಇನ್ನೂ ಹಳೇ ನುಡಿ ಫಾಂಟಿನ ಫೈಲ್ ಕೇಳ್ತಾರೆ. ಅವನಿಗೆ ಯಾರಾದ್ರೂ ಎರಡು ಲಕ್ಷದ ಮ್ಯಾಕ್‌ಬುಕ್ ಪುಕ್ಕಟೆ ಕೊಟ್ರೂ ಅಂಗಡಿಯಲ್ಲಿ ಅದರಿಂದ ಒಂದು ಪತ್ರಿಕೆ ಹೊರಡಲ್ಲ. ಅವನ ಹಳೇ ಡೆಸ್ಕ್‌ಟಾಪ್ ದಿನಾ ನನ್ನ ಲ್ಯಾಪ್‌ಟಾಪ್‌ಗಿಂತ ಹೆಚ್ಚು ದುಡಿಯುತ್ತೆ.

ಅವನ ತಲೆನೋವು ಬೇರೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ಬೇಕಾದವರಿಗೆ ಭದ್ರತಾ ಅಪ್‌ಡೇಟ್ ಮಾತ್ರ ಇನ್ನೊಂದು ವರ್ಷ. ವಿಂಡೋಸ್ 11 ಹಾಕೋಣ ಅಂದ್ರೆ, ಇಂಟೆಲ್ ಆದ್ರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು, ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಇದನ್ನ ಸರಿಯಾಗಿ ಕೇಳಿಸಿಕೊಳ್ಳಿ. ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಕಂಪನಿಗಳು ಬಿಟ್ಟ ಲ್ಯಾಪ್‌ಟಾಪ್‌ಗಳು ಕಡಿಮೆ ಬೆಲೆಗೆ ಸಿಗ್ತವೆ, ಕೆಲವು ನಿಜಕ್ಕೂ ಗಟ್ಟಿ ಮಾಲು. ಏಳನೇ ತಲೆಮಾರಿಂದು ಸಸ್ತಾ ಸಿಕ್ತು ಅಂತ ತಂದ್ರೆ ಮುಂದೆ ದಾರಿ ಇಲ್ಲ. ಬ್ಯಾಟರಿ ರಿಪೋರ್ಟ್ ತೆಗೆಸಿ, ಹೊಸದಿದ್ದಾಗಿನ ಸಾಮರ್ಥ್ಯ ಎಷ್ಟು, ಈಗ ಪೂರ್ತಿ ಚಾರ್ಜ್ ಆದ್ರೆ ಎಷ್ಟು ಅಂತ ಎರಡೂ ಅಂಕಿ ನೋಡಿ. ಇನ್ನು ಮನೆಯಲ್ಲಿರೋ ಹಳೇ ಲ್ಯಾಪ್‌ಟಾಪ್ ಆಮೆ ಥರ ಆಗಿದ್ರೆ, ಒಳಗೆ ಹಾರ್ಡ್ ಡಿಸ್ಕ್ ಇದೆಯಾ ನೋಡಿ. ಅದನ್ನ ತೆಗೆದು ಎಸ್‌ಎಸ್‌ಡಿ ಹಾಕಿಸಿದ್ರೆ ಎಷ್ಟೋ ಸಲ ಹೊಸದರ ಮಾತೇ ಬೇಡ ಅನ್ನಿಸುತ್ತೆ.

ಚನ್ನಗಿರಿ ಕಡೆಯ ನಮ್ಮ ಸಂಬಂಧಿಕರೊಬ್ಬರು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದೋ ಮಗಳಿಗೆ ಲ್ಯಾಪ್‌ಟಾಪ್ ಕೊಡಿಸೋಕೆ ಹೊರಟಾಗ ನನ್ನನ್ನೂ ಕರೆದಿದ್ರು. ಅಡಿಕೆ ಮಾರಿದ ದುಡ್ಡು, ಬಜೆಟ್ ಬಗ್ಗೆ ಚಿಂತೆ ಇಲ್ಲ. “ಇರೋದ್ರಲ್ಲಿ ದೊಡ್ಡದು ಕೊಡಿ” ಅಂದ್ರು ಅಂಗಡಿಯಲ್ಲಿ. ಹುಡುಗಿ ಮೆಲ್ಲಗೆ, “ಅಪ್ಪಾ, ನಮ್ಮ ಕಾಲೇಜಲ್ಲಿ ಸಾಲಿಡ್‌ವರ್ಕ್ಸ್ ಕಲಿಸ್ತಾರೆ, ಅದು ವಿಂಡೋಸ್‌ನಲ್ಲೇ ಓಡಾದು” ಅಂದ್ಲು. ಆ ಒಂದು ಮಾತಿಗೆ ಅಂಗಡಿಯ ಅರ್ಧ ಮಾಲು ಪಕ್ಕಕ್ಕೆ ಸರಿಯಿತು. ಗ್ರಾಫಿಕ್ಸ್ ಕಾರ್ಡ್ ಇರೋ, ಎರಡು ಕೆಜಿ ಮೇಲೆ ತೂಗೋ ಲ್ಯಾಪ್‌ಟಾಪ್ ಬಂತು. ಅದರ ಚಾರ್ಜರ್ ಒಂದು ಇಟ್ಟಿಗೆ ಇದ್ದಂಗಿದೆ. ಆದ್ರೆ ಅವಳ ಕೆಲಸಕ್ಕೆ ಬೇಕಾದ್ದು ಅದೇ.

ಈಗ ಜಗಳೂರಿಗೆ ಬರ್ತೀನಿ. ನಮ್ಮಕ್ಕನ್ನ ಕೊಟ್ಟಿರೋದು ಆ ತಾಲ್ಲೂಕಿನ ಹಳ್ಳಿಗೆ. ಅವಳ ಮಗ ಬಿ.ಕಾಂ ಕೊನೇ ವರ್ಷ. ನನ್ನ ಲ್ಯಾಪ್‌ಟಾಪ್ ನೋಡಿದ್ದೇ ಅದೇ ಬೇಕು ಅಂತ ಹಠ ಹಿಡಿದ. ಭಾವ ಬೇಡ ಅನ್ನೋ ಜಾತಿಯಲ್ಲ. “ದುಡ್ಡು ಹೊಂದಿಸ್ತೀನಿ, ಮಾವಂಗೊಂದು ಮಾತು ಕೇಳು” ಅಂದು ಕೈ ತೊಳಕೊಂಡ್ರು. ಅದೇ ವರ್ಷ ಅಕ್ಕನ ಮಗಳಿಗೆ ದಾವಣಗೆರೆಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಫೀಸು, ಹಾಸ್ಟೆಲ್ಲು ಎಲ್ಲ ಹೊರಡಬೇಕಿದ್ದದ್ದು ಅದೇ ಮೆಕ್ಕೆಜೋಳದ ರಾಶಿಯಿಂದ. ನಾನು “ಹ್ಞೂಂ” ಅಂದ್ರೆ ನಾಲ್ಕೆಕರೆ ಬೆಳೆ ಹೋಗುತ್ತೆ. “ಬೇಡ” ಅಂದ್ರೆ ನಾನು ತಗೊಂಡು ಅವನಿಗೆ ಕಲ್ಲು ಹಾಕಿದಂಗೆ.

“ಮಾವ, ನಿಂಗೆ ಬೇಕಾಗೈತಿ, ನಂಗ್ಯಾಕೆ ಬ್ಯಾಡ?” ಅಂತ ನೇರವಾಗೇ ಕೇಳಿದ. ನಾನಂದೆ, “ನಂದು ಬರೋಕೂ ಮುಂಚೆ ಕೆಲಸ ಕಾಯ್ತಾ ಕೂತಿತ್ತು. ನಿಂದು ಲ್ಯಾಪ್‌ಟಾಪ್ ಬಂದು ಕೆಲಸಕ್ಕೆ ಕಾಯ್ಬೇಕು.” ಅವನು ಬಿಡಲಿಲ್ಲ. “ಯಂತ್ರನೇ ಇಲ್ದೆ ಕೆಲಸ ಕಲಿಯಾದು ಹೆಂಗೆ? ಮೊಬೈಲಲ್ಲಿ ರೀಲ್ಸ್ ಮಾಡಿ ಮಾಡಿ ಸಾಕಾಗೈತಿ” ಅಂದ. ಆ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ. ದುಡಿಯೋರಿಗೆ ಮಾತ್ರ ಒಳ್ಳೇ ಯಂತ್ರ ಅಂದ್ರೆ, ಕಲಿಯೋರು ಎಲ್ಲಿಗೆ ಹೋಗಬೇಕು?

ದಸರಾ ರಜೆಗೆ ನ್ಯಾಮತಿಗೆ ಕರೆಸಿಕೊಂಡೆ. ಒಂದು ವಾರ ನನ್ನ ಲ್ಯಾಪ್‌ಟಾಪ್ ಅವನಿಗೇ ಬಿಟ್ಟೆ, ಒಂದು ನಾಮಕರಣದ ಫುಟೇಜ್ ಕೊಟ್ಟೆ. ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ತಂತ್ರಾಂಶ ಪುಕ್ಕಟೆ ಸಿಗುತ್ತೆ, ಕಲಿಯೋರಿಗೆ ಬೇಕಾದಷ್ಟಾಯ್ತು. ಮೂರನೇ ದಿನಕ್ಕೆ ಕೈ ಕೂತಿತು, ಐದನೇ ದಿನಕ್ಕೆ ವಿಡಿಯೋ ಮುಗಿಸಿದ. ಸ್ಟುಡಿಯೋದವರು ಏನೂ ಕೊಂಕು ತೆಗೀಲಿಲ್ಲ, ನಾನು ಅವನಿಗೆ 800 ರೂಪಾಯಿ ಕೊಟ್ಟೆ. ಅದೇ ವಾರದಲ್ಲಿ ಇನ್ನೊಂದೂ ಗೊತ್ತಾಯ್ತು. ಅವನ ಕೋರ್ಸಿಗೆ ಟ್ಯಾಲಿ ಬೇಕು. ಬೆಂಗಳೂರಿನ ಕಂಪನಿಯ ಟ್ಯಾಲಿ ವಿಂಡೋಸ್‌ಗೆ ಮಾಡಿದ್ದು, ನನ್ನ ಲ್ಯಾಪ್‌ಟಾಪ್‌ನಲ್ಲಿ ಅದು ಏಳಲೇ ಇಲ್ಲ. ಹಠ ಅರ್ಧ ಇಳಿದದ್ದು ನನ್ನ ಬುದ್ಧಿಮಾತಿಗಲ್ಲ, ಟ್ಯಾಲಿಯಿಂದ.

ಆಮೇಲೆ ಕೂತು ಏನು ಬೇಕು ಅಂತ ಬರೆದ್ವಿ. ವಿಂಡೋಸ್ 11. 16 ಜಿಬಿ ರ್‍ಯಾಮ್, ಅದಕ್ಕಿಂತ ಕಡಿಮೆ ಇದ್ರೆ ಎಡಿಟಿಂಗ್ ತೆವಳುತ್ತೆ. ಸಾಧ್ಯವಾದ್ರೆ ಮುಂದೆ ರ್‍ಯಾಮ್ ಹೆಚ್ಚಿಸೋಕೆ ಖಾಲಿ ಸ್ಲಾಟ್, ಯಾಕಂದ್ರೆ ಈಗ ಬರೋ ತೆಳ್ಳನೆಯ ಮಾಡೆಲ್‌ಗಳಲ್ಲಿ ರ್‍ಯಾಮ್ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಆಮೇಲೆ ಏನೂ ಮಾಡೋಕೆ ಬರಲ್ಲ. ದಾವಣಗೆರೆಯಲ್ಲಿ ರಿಪೇರಿ ಸಿಗಬೇಕು. ಭಾರದ ಎಡಿಟಿಂಗ್ ಬಂದ್ರೆ ನ್ಯಾಮತಿಗೆ ಬಂದು ನನ್ನದರಲ್ಲಿ ಮಾಡೋದು ಅಂತ ಒಪ್ಪಂದ.

ಅಂಗಡಿಯಲ್ಲಿ “ನೋ ಕಾಸ್ಟ್ ಇಎಂಐ” ಅಂತ ಆಸೆ ತೋರಿಸಿದ್ರು. ಹೆಸರಿಗೆ ಬಡ್ಡಿ ಇಲ್ಲ. ಸಾಮಾನ್ಯವಾಗಿ ಆಗೋದು ಏನಂದ್ರೆ, ಬ್ಯಾಂಕು ಬಡ್ಡಿ ಹಾಕುತ್ತೆ, ಅಂಗಡಿ ಅಷ್ಟೇ ರಿಯಾಯಿತಿ ಕೊಡುತ್ತೆ, ಬಡ್ಡಿ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಫೀ ನಿಮ್ಮ ಬಿಲ್ಲಿಗೆ ಬೀಳುತ್ತೆ. ಶೂನ್ಯ ಬಡ್ಡಿ ಅನ್ನೋ ಸ್ಕೀಮುಗಳ ಬಗ್ಗೆ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಾಕೀತು ಮಾಡಿತ್ತು. ನಗದು ಕೊಟ್ರೆ ಎಷ್ಟು ಬಿಡ್ತೀರಿ ಅಂತ ಕೇಳಿ, ಆಗ ಇಎಂಐ ನಿಜವಾದ ಬೆಲೆ ಹೊರಗೆ ಬರುತ್ತೆ. ನಾವು ಕೇಳಿದ್ವಿ, 1,500 ಬಿಟ್ರು. ಇನ್ನೂ ಕಾಯೋಣ ಅಂದ್ರೆ ಅದಕ್ಕೂ ಧೈರ್ಯ ಬರಲಿಲ್ಲ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ ಬಾಚಿಕೊಳ್ತಿರೋದರಿಂದ 2025ರ ಕೊನೆಯಿಂದ ರ್‍ಯಾಮ್ ಬೆಲೆ ಏರ್ತಾ ಇತ್ತು. ಎಲ್ಲೋ ಅಮೆರಿಕದಲ್ಲಿ ಯಾರೋ ಕಟ್ಟೋ ಡೇಟಾ ಸೆಂಟರ್‌ಗೂ ಜಗಳೂರಿನ ಮೆಕ್ಕೆಜೋಳಕ್ಕೂ ಹಿಂಗೊಂದು ಸಂಬಂಧ.

ಕೊನೆಗೆ ಬಿಲ್ಲು 52,500 ರೂಪಾಯಿ. ಭಾವ 30 ಕ್ವಿಂಟಲ್ ಮಾರಿದ್ರು, 1,750ರಂತೆ ಸರಿಯಾಗಿ ಅಷ್ಟೇ ಬಂತು. ಉಳಿದ ಮಾಲಿನಲ್ಲಿ ಮಗಳ ಮೊದಲ ಕಂತಿನ ಫೀಸು ಹೋಯ್ತು, ಹಾಸ್ಟೆಲ್ ದುಡ್ಡಿಗೆ ನಾನು ಸ್ವಲ್ಪ ಹಾಕಿದೆ. ಹುಡುಗ ಈಗ ಬೆಳಿಗ್ಗೆ ಟ್ಯಾಲಿ, ರಾತ್ರಿ ಎಡಿಟಿಂಗ್. ಇಲ್ಲಿವರೆಗೆ ಎರಡು ಹುಟ್ಟುಹಬ್ಬದ ವಿಡಿಯೋ ಮಾಡಿ 1,600 ದುಡಿದಿದ್ದಾನೆ. ಒಂದು ಪುಸ್ತಕದಲ್ಲಿ ಲೆಕ್ಕ ಬರೀತಿದ್ದಾನಂತೆ, ರೂಪಾಯಿ ಪಕ್ಕದಲ್ಲಿ ಕ್ವಿಂಟಲ್ ಕೂಡ. ಇನ್ನೂ 29 ಕ್ವಿಂಟಲ್ ಬಾಕಿ ಅಂತ ಮೊನ್ನೆ ಫೋನ್ ಮಾಡಿದ್ದ.

ನಿಮ್ಮ ಲ್ಯಾಪ್‌ಟಾಪ್ ಏನು ಬೆಳೆ ಮಾರಿ ಬಂತು, ಎಷ್ಟು ದುಡಿದಿದೆ ಅಂತ ಒಂದು ವಾಯ್ಸ್ ನೋಟ್ ಕಳಿಸಿ.