ಸೌದೆಯ ಬೆಲೆಯೂ ಹೊಲದ ಗೊಬ್ಬರವೂ



ಸೌದೆಯ ಬೆಲೆಯು ವರ್ಷೇ ವರ್ಷೇ ಏರುತ್ತಿರುವುದು ತಮಗೆಲ್ಲ ವಿದಿತವಾದ ಸಂಗತಿಯೇ ಸರಿ. ನಮ್ಮ ಬಯಲುಸೀಮೆಯಲ್ಲಿ ಗೋಮಾಳಗಳು ಕಿರಿದಾದುವು. ಹಳೆಯ ತೋಪುಗಳು ಕೊಡಲಿಗೆ ತುತ್ತಾದುವು. ಉಳಿದ ಮರಗಳನ್ನು ಇಟ್ಟಿಗೆಗೂಡಿನವರು ನಿಂತಲ್ಲಿಯೇ ಕೊಂಡೊಯ್ಯುತ್ತಾರೆ. 2016ನೆಯ ಇಸವಿಯಲ್ಲಿ ಉಜ್ವಲಾ ಯೋಜನೆಯು ಆರಂಭವಾದ ಮೇಲೆ ಬಡವರ ಮನೆಗಳಿಗೂ ಅನಿಲದ ಒಲೆಯು ಬಂದಿತೆಂಬುದು ನಿಜ. ಆದರೆ ಸಿಲಿಂಡರನ್ನು ಕಾಫಿಗೂ ಸಾರಿಗೂ ಮೀಸಲಿಟ್ಟು, ಮುದ್ದೆಯ ಎಸರನ್ನೂ ಸ್ನಾನದ ಹಂಡೆಯನ್ನೂ ಸೌದೆಯಿಂದಲೇ ಕಾಯಿಸುವ ಮನೆಗಳು ಅನೇಕವಾಗಿವೆ.

ಸೌದೆಯು ಸಾಲದಾದಾಗ ಒಲೆಗೆ ಬೀಳುವುದು ಬೆರಣಿ. ಈ ದಿನ ನಾನು ಮುಖ್ಯವಾಗಿ ಅರಿಕೆ ಮಾಡಬೇಕೆಂದಿರುವುದು ಇದನ್ನೇ. ಬೆರಣಿಗೆ ಕಾಸು ಕೊಡಬೇಕಾಗಿಲ್ಲವೆಂದು ಅದನ್ನು ಬಿಟ್ಟಿಯೆಂದೆಣಿಸುತ್ತೇವೆ. ಅದರ ಬೆಲೆಯನ್ನು ತೆರುವುದು ಹೊಲ. ಸಗಣಿಯನ್ನು ಸುಟ್ಟರೆ ಪೊಟ್ಯಾಷೂ ರಂಜಕವೂ ಬಹುಮಟ್ಟಿಗೆ ಬೂದಿಯಲ್ಲಿ ಉಳಿಯುವುವು. ಸಾರಜನಕವೂ, ಮಣ್ಣಿಗೆ ನೀರು ಹಿಡಿಯುವ ಶಕ್ತಿಯನ್ನು ಕೊಡುವ ಸೇಂದ್ರಿಯ ಪದಾರ್ಥವೂ ಹೊಗೆಯಾಗಿ ಹೋಗುವುವು. ಕಳೆದುಕೊಂಡ ಸಾರಜನಕವನ್ನು ಯೂರಿಯಾ ಚೀಲದಲ್ಲಿ ಕೊಂಡುತರಬಹುದು. ಇನ್ನೊಂದು ಆ ಚೀಲದಲ್ಲಿರುವುದಿಲ್ಲ. ಡಾಕ್ಟರ್ ವೋಲ್ಕರ್ ಎಂಬ ರಸಾಯನಶಾಸ್ತ್ರಜ್ಞರು ಇಂಡಿಯಾದ ವ್ಯವಸಾಯವನ್ನು ಪರಿಶೀಲಿಸಿ, 1893ರಲ್ಲಿ ಪ್ರಕಟವಾದ ತಮ್ಮ ವರದಿಯಲ್ಲಿ, ರೈತನು ಸಗಣಿಯನ್ನು ಸುಡುವುದು ಸೌದೆಯ ಅಭಾವದಿಂದಲೇ ಎಂದು ತಿಳಿಸಿ, ಸೌದೆಗಾಗಿ ಮರ ಬೆಳೆಸಬೇಕೆಂದು ಸಲಹೆಮಾಡಿದ್ದರು. ಅವರ ಮಾತು ಇಂದಿಗೂ ಹಳತಾಗಿಲ್ಲ.

ಬದುವಿನ ಮೇಲೆ ಹೊಂಗೆಯನ್ನು ಹಾಕಿರಿ. ದನ ಅದನ್ನು ಅಷ್ಟಾಗಿ ಮೇಯುವುದಿಲ್ಲ, ಮಳೆ ತಪ್ಪಿದರೂ ಬದುಕುತ್ತದೆ, ಕಡಿದರೆ ಮತ್ತೆ ಚಿಗುರುತ್ತದೆ. ಕೊಂಬೆ ಒಲೆಗೆ, ಸೊಪ್ಪು ಗದ್ದೆಗೆ, ಬೀಜ ಎಣ್ಣೆಗೆ. ನೆರಳು ಬಿದ್ದು ರಾಗಿ ಕುಗ್ಗುವುದೆಂಬ ಆಕ್ಷೇಪಣೆಯು ಸುಳ್ಳಲ್ಲ. ಆದುದರಿಂದ ಬಿತ್ತನೆಗೆ ಮುಂಚೆಯೇ ಕೊಂಬೆಗಳನ್ನು ಸವರತಕ್ಕದ್ದು.

ನಾಲ್ಕೈದು ರಾಸುಗಳುಳ್ಳವರು ಗೋಬರ್ ಗ್ಯಾಸ್ ಗುಂಡಿಯನ್ನು ಕಟ್ಟಿಸುವುದು ಮೇಲು. ದಿನವೊಂದಕ್ಕೆ ಸುಮಾರು 50 ಕಿಲೋಗ್ರಾಂ ಹಸಿ ಸಗಣಿಯಿಂದ 2 ಘನ ಮೀಟರ್ ಅನಿಲವು ಬರುತ್ತದೆ. ಐದಾರು ಜನರ ಅಡಿಗೆಗೆ ಇದು ಸಾಕು. ತಿಂಗಳಿಗೆ ಲೆಕ್ಕ ಹಾಕಿದರೆ 14.2 ಕಿಲೋಗ್ರಾಂ ತೂಕದ ಸುಮಾರು ಒಂದೂವರೆಯಿಂದ ಎರಡು ಸಿಲಿಂಡರಿಗೆ ಸಮ. ಗುಂಡಿಯಿಂದ ಹೊರಬರುವ ಬಗ್ಗಡದಲ್ಲಿ ಸಾರಜನಕವು ಉಳಿದಿರುವುದರಿಂದ ಒಲೆಯೂ ಹೊಲವೂ ಒಂದೇ ಸಗಣಿಯನ್ನು ಹಂಚಿಕೊಂಡಂತಾಗುತ್ತದೆ. ಹೆಂಗಸರ ಕಣ್ಣಿಗೆ ಹೊಗೆಯೂ ತಪ್ಪುತ್ತದೆ. ಗಂಡಸರು ಲೆಕ್ಕ ಬರೆಯುವಾಗ ಇದನ್ನು ಮರೆಯುವುದೇ ವಾಡಿಕೆ.

ಸೌದೆಯನ್ನು ಕೊಳ್ಳುವವರು ಹಸಿಯದನ್ನು ತೂಕಕ್ಕೆ ಕೊಳ್ಳಕೂಡದು. ಅದರ ತೂಕದಲ್ಲಿ ಸುಮಾರು ಅರ್ಧ ನೀರೇ ಇರುವುದುಂಟು. ಸೀಳಿ, ಸೂರಿನ ಕೆಳಗೆ ಒಂದು ಬೇಸಗೆ ಒಣಗಿಸಿದ ಸೌದೆಯೇ ಸೌದೆ.

ಇನ್ನು ಬದುವೂ ಇಲ್ಲದ, ರಾಸುಗಳೂ ಇಲ್ಲದ ಕುಟುಂಬಗಳ ವಿಷಯ. ಅವರಿಗೆ ಗೋಮಾಳದ ಕುರುಚಲೊಂದೇ ಗತಿ. ಮುಖಂಡರಾದ ತಾವು ಪಂಚಾಯಿತಿಯಲ್ಲಿ ಮಾತನಾಡಿ, ಗೋಮಾಳದ ಒಂದು ಮೂಲೆಗೆ ಮುಳ್ಳುಬೇಲಿ ಹಾಕಿಸಿ, ಈ ಮುಂಗಾರಿನ ಮೊದಲ ಹದಮಳೆಗೆ ಹೊಂಗೆಯ ಬೀಜವನ್ನು ಊರಿಸಬೇಕು. ಹಿಂದಿನ ವರ್ಷದ ಬೀಜವು ಸರಿಯಾಗಿ ಮೊಳೆಯುವುದಿಲ್ಲವಾದ್ದರಿಂದ ಈ ಬೇಸಗೆಯ ಕಾಯಿಯನ್ನೇ ಆರಿಸಿಡತಕ್ಕದ್ದು.