ನದಿಯ ನಡುವಿನ ಉದ್ಯಾನ



ಅಮೆರಿಕದ ಡೆಟ್ರಾಯಿಟ್ ಎಂದರೆ ಕಾರುಗಳ ಊರೆಂದು ನೀವೆಲ್ಲ ಬಲ್ಲಿರಿ. ಅಲ್ಲಿಗೆ ನಮ್ಮ ಕಡೆಯಿಂದ ಯಾರೇ ಬಂದರೂ ನಾನು ಮೊದಲು ಕರೆದೊಯ್ಯುವುದು ಕಾರ್ಖಾನೆಗಲ್ಲ, ಬೆಲ್ ಐಲ್ ಎಂಬ ದ್ವೀಪಕ್ಕೆ. ನದಿಯ ನಡುವೆ 982 ಎಕರೆ. ನಮ್ಮ ಲಾಲ್‌ಬಾಗಿನ ನಾಲ್ಕು ಪಟ್ಟು. ಆಚೆ ದಡ ಕೆನಡಾ. ನಗರದವರು ಇದನ್ನು 1879ರಲ್ಲಿ ಕೊಂಡು ಉದ್ಯಾನ ಮಾಡಿದರು.

ಅಲ್ಲಿನ ಅಮೃತಶಿಲೆಯ ಕಾರಂಜಿಯ ಕಥೆ ಮಜವಾಗಿದೆ. ಜೇಮ್ಸ್ ಸ್ಕಾಟ್ ಎಂಬ ಸಿರಿವಂತ, ಜೂಜಿಗೆ ಹೆಸರಾದವನು, ತನ್ನ ಪ್ರತಿಮೆಯನ್ನೂ ಇಡಬೇಕೆಂದು ಷರತ್ತು ಹಾಕಿ ಹಣ ಬಿಟ್ಟು ಸತ್ತ. ಇಂಥವನಿಗೆ ಪ್ರತಿಮೆಯೇ ಎಂದು ಊರೇ ಜಗಳವಾಡಿತು. 1925ರಲ್ಲಿ ಕಾರಂಜಿ ಚಿಮ್ಮಿತು, ಅವನೂ ಬಂದು ಕುಳಿತ!

ನನಗೆ ಹೆಚ್ಚು ಇಷ್ಟ ಮತ್ಸ್ಯಾಲಯ. 1904ರ ಕಟ್ಟಡ. ಕಮಾನು ಚಾವಣಿಗೆ ಹಸಿರು ಗಾಜಿನ ಬಿಲ್ಲೆಗಳು; ಒಳಗೆ ನಿಂತರೆ ನಾವೇ ನೀರಿನಡಿ ಇದ್ದಂತೆ. ದುಡ್ಡಿಲ್ಲವೆಂದು 2005ರಲ್ಲಿ ನಗರಾಡಳಿತ ಬಾಗಿಲು ಹಾಕಿತು. ಅದನ್ನು ನೋಡುತ್ತ ಬೆಳೆದವರು ಬಿಡಬೇಕಲ್ಲ! ನಮ್ಮ ಶಾಲೆಯ ಹೆಂಚು ಸೋರಿದಾಗ ಊರವರು ಚಂದಾ ಎತ್ತಿದರಲ್ಲ, ಹಾಗೆ ಹಣ ಕೂಡಿಸಿದರು. 2012ರಲ್ಲಿ ಸ್ವಯಂಸೇವಕರೇ ನಿಂತು ತೆರೆದರು, ಮೊದಮೊದಲು ಶನಿವಾರ ಮಾತ್ರ. ಮರುವರ್ಷ ನಗರವೇ ದಿವಾಳಿ ಅರ್ಜಿ ಹಾಕಿತು. ದ್ವೀಪವನ್ನು ಮಿಷಿಗನ್ ರಾಜ್ಯ 30 ವರ್ಷದ ಗುತ್ತಿಗೆಗೆ ಪಡೆದು 2014ರಿಂದ ನೋಡಿಕೊಳ್ಳುತ್ತಿದೆ. ನಮ್ಮದು ಕೈಬಿಟ್ಟಿತೆಂದು ಆಗ ನಗರದ ಹಲವರು ನೊಂದುಕೊಂಡರು. ಕಾರಿಗೆ ಶುಲ್ಕವುಂಟು, ನಡೆದು ಹೋದವರಿಗಿಲ್ಲ. ಮೀನು ನೋಡಲು ಟಿಕೆಟ್ಟೂ ಇಲ್ಲ; ಕಾಣಿಕೆ ಕೊಟ್ಟರೆ ಬೇಡವೆನ್ನುವುದಿಲ್ಲ.